ಕುಶನಪ್ಪ ಕುರ್ಚಿ ಬಿಟ್ಟದ್ದು

ಜನರನ್ನು ಕೂರಿಸುವುದೇ ಕುಶನಪ್ಪನ ಉದ್ಯೋಗ. ಊರಿನ ದೊಡ್ಡ ಫರ್ನಿಚರ್ ಅಂಗಡಿಯಲ್ಲಿ ಸೋಫಾ ವಿಭಾಗ ಅವನದು. ಬಾಗಿಲಲ್ಲಿ ಕಾಲಿಟ್ಟ ಗಿರಾಕಿಯ ಸೊಂಟದ ಅಳತೆಯನ್ನು ಅಲ್ಲಿಂದಲೇ ಕಣ್ಣಿನಲ್ಲಿ ತೆಗೆದು, "ನಿಮಗೆ ಮೆತ್ತಗಿನದು ಆಗೋದಿಲ್ಲ ಸಾರ್, ಎಬ್ಬಿಸೋಕೆ ಇಬ್ಬರು ಬೇಕಾಗ್ತಾರೆ, ಈ ಕಡೆ ಬನ್ನಿ" ಎಂದು ಸರಿಯಾದ ಸೀಟಿನ ಮುಂದೆ ತಂದು ನಿಲ್ಲಿಸುತ್ತಿದ್ದ. ಆಮೇಲೆ ತಾನೇ ಮೊದಲು ಕೂತು, ಎರಡು ಸಲ ಕುಪ್ಪಳಿಸಿ, ಹಿಂದಕ್ಕೆ ಒರಗಿ, ಕಣ್ಣು ಮುಚ್ಚಿ "ಆಹಾ" ಎನ್ನುತ್ತಿದ್ದ. ಮಾಲೀಕರು ಸಂಬಳ ಕೊಡುತ್ತಿದ್ದದ್ದೇ ಆ ಆಹಾಕ್ಕೆ. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದು, ಜನರ ಬಾಯಲ್ಲಿ ಅವನು ಕುಶನಪ್ಪನೇ ಆಗಿಹೋಗಿದ್ದ.

ಈ ಕುಶನಪ್ಪ ಒಂದು ಮನೆ ಕೊಂಡ. ಕೊಂಡದ್ದು ತಪ್ಪಲ್ಲ. ಕೊಂಡ ರೀತಿ ಕೇಳಿ.

ಎರಡು ಕೋಣೆಯ ಸಣ್ಣ ಮನೆಯೊಂದನ್ನು ನೋಡಿಟ್ಟು, ಅದಕ್ಕೆ ಬೇಕಾಗುವಷ್ಟು ಸಾಲ ಕೇಳೋಣವೆಂದು ಬ್ಯಾಂಕಿಗೆ ಹೋಗಿದ್ದ. ಸಾಲದ ಆಫೀಸರು ಎದ್ದು ನಿಂತು, ಕೈ ಕುಲುಕಿ, ಕುರ್ಚಿ ಎಳೆದುಕೊಟ್ಟ. ಜೀವಮಾನವೆಲ್ಲ ಬೇರೆಯವರಿಗೆ ಕುರ್ಚಿ ತೋರಿಸಿದವನಿಗೆ ಇನ್ನೊಬ್ಬರು ಕುರ್ಚಿ ಎಳೆದುಕೊಟ್ಟದ್ದು ಅದೇ ಮೊದಲು. ಕುಶನಪ್ಪ ಅಲ್ಲೇ ಅರ್ಧ ಕರಗಿದ. ಆಫೀಸರು ಕಂಪ್ಯೂಟರಿನಲ್ಲಿ ಏನೇನೋ ಒತ್ತಿ, ಹುಬ್ಬು ಮೇಲೇರಿಸಿದ.

"ನೀವು ಕೇಳ್ತಿರೋದು ತೀರಾ ಕಡಿಮೆಯಾಯ್ತು ಸಾರ್. ನೀವು ಇದರ ದುಪ್ಪಟ್ಟಿಗೆ ಅರ್ಹರು."

"ಯಾರು, ನಾನಾ?"

"ನೀವೇ ಸಾರ್. ಪೂರ್ತಿ ಅರ್ಹರು."

ಅರ್ಹ ಎಂಬ ಮಾತನ್ನು ಅಲ್ಲಿಯವರೆಗೆ ಕುಶನಪ್ಪನ ವಿಷಯದಲ್ಲಿ ಯಾರೂ ಆಡಿರಲಿಲ್ಲ. ಶಾಲೆಯ ಮೇಷ್ಟ್ರು ಆಡಿರಲಿಲ್ಲ. ಹೆಣ್ಣು ಕೊಟ್ಟ ಮಾವನಂತೂ ಸಾಯುವವರೆಗೂ ಆಡಲಿಲ್ಲ. ಅವನು ಹಿಗ್ಗಿ ಹೀರೇಕಾಯಿಯಾದ. ಸಾಲವೆಂದರೆ ಒಂದು ಬಗೆಯ ಬಹುಮಾನ, ಅದರಲ್ಲಿ ಅರ್ಧ ಬಿಟ್ಟು ಎದ್ದು ಬಂದರೆ ಕೊಟ್ಟವರಿಗೆ ಅವಮಾನ ಎಂದು ತಲೆಗೆ ಹೊಕ್ಕಿತು. ಪೂರ್ತಿ ತೆಗೆದುಕೊಂಡ. ಬಡ್ಡಿ ಯಾವ ತರಹದ್ದು ಎಂದು ಕೇಳಿದಾಗ ತೇಲುವ ಬಡ್ಡಿ ಎಂದ ಆಫೀಸರು. ಅದೂ ಕುಶನಪ್ಪನ ಕಿವಿಗೆ ಹಿತವಾಗಿಯೇ ಬಿತ್ತು. ತೇಲುವ ವಸ್ತು ಸದಾ ಮೇಲಕ್ಕೇ ಬರುತ್ತದೆ ಎಂಬುದು ಕೆಲವು ಕಂತು ಕಟ್ಟಿದ ಮೇಲೆ ಗೊತ್ತಾಯಿತು.

ಹೀಗೆ ಎರಡು ಕೋಣೆಯ ಮನೆ ಹೋಗಿ, ಮೂರು ಕೋಣೆ, ಎರಡು ಬಾಲ್ಕನಿ, ಸೈಕಲ್ ಹೊಡೆಯಬಹುದಾದಂಥ ಹಾಲ್ ಇರುವ ಮನೆ ಬಂತು. ಮುಂಗಡಕ್ಕೆ ಅಮ್ಮನ ದುಡ್ಡು. ಅಪ್ಪ ಗಿರಣಿಯಲ್ಲಿ ಸವೆದು ನಿವೃತ್ತನಾದಾಗ ಸಿಕ್ಕಿದ್ದ ಆ ಇಡಿಗಂಟನ್ನು ಅಮ್ಮ ಅಲ್ಲಿಯವರೆಗೆ ಮುಟ್ಟಿರಲಿಲ್ಲ. "ತಗೋ ಮಗಾ. ಇದು ಬಿಟ್ರೆ ನನ್ನ ಹತ್ರ ಇನ್ನೇನೂ ಇಲ್ಲ. ಕೊನೆಗಾಲದಲ್ಲಿ ಯಾರೂ ಎದ್ದೋಗು ಅನ್ನದ ಕಡೆ ಇದ್ದುಬಿಟ್ರೆ ಸಾಕು" ಎಂದು ಅಷ್ಟನ್ನೂ ಮಗನ ಕೈಗೆ ಹಾಕಿದಳು.

ನೋಂದಣಿಯ ಖರ್ಚಿಗೆ ಕೊರೆ ಬಿದ್ದಾಗ ಕುಶನಪ್ಪ ಮನೆಯಲ್ಲಿದ್ದ ಮಂಚ, ಮೇಜು, ಅಮ್ಮನ ಬೆತ್ತದ ಕುರ್ಚಿ ಎಲ್ಲವನ್ನೂ ಮಾರಿದ. "ಹೊಸ ಮನೆಗೆ ಹಳೇ ಸಾಮಾನು ಯಾಕೆ? ಅಂಗಡೀಲಿ ನನಗೆ ಡಿಸ್ಕೌಂಟ್ ಇದೆ. ಒಂದೇ ಒಂದು ತಿಂಗಳು ತಡ್ಕೊಳ್ಳಿ" ಎಂದ. ಆ ತಿಂಗಳು ಬರಲೇ ಇಲ್ಲ. ಸಂಬಳ ಖಾತೆಗೆ ಬೀಳುವುದೇ ತಡ, ಬ್ಯಾಂಕು ತನ್ನ ಪಾಲು ಎತ್ತಿಕೊಳ್ಳುತ್ತಿತ್ತು. ಉಳಿದ ಚೂರುಪಾರಿನಲ್ಲಿ ಮೂವರು ಉಣ್ಣಬೇಕು, ಬಸ್ಸು ಹತ್ತಬೇಕು, ಅಮ್ಮನ ಮಂಡಿನೋವಿಗೆ ಮಾತ್ರೆ ತರಬೇಕು. ಊರಿಗೆಲ್ಲ ಸೋಫಾ ಮಾರುವವನ ಮನೆಯಲ್ಲಿ ಕೂರಲು ಒಂದು ಸ್ಟೂಲೂ ಇರಲಿಲ್ಲ. ಹಾಲ್‌ನಲ್ಲಿ ಒಂದು ಸಲ ಕೆಮ್ಮಿದರೆ ಎರಡು ಸಲ ಕೇಳಿಸುತ್ತಿತ್ತು.

ಇಂಥ ಮನೆಗೆ ಒಂದು ಭಾನುವಾರ, ಹೊಸಬರನ್ನು ಮಾತಾಡಿಸಿ ಹೋಗೋಣವೆಂದು, ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ ಬಂದ. ಜೊತೆಗೆ ಕೆಳಮನೆಯ ನಿವೃತ್ತ ಜಡ್ಜ್ ಸಾಹೇಬರು. ಇಬ್ಬರೂ ಹಾಲ್ ಮಧ್ಯೆ ನಿಂತು ಕೂರುವ ಜಾಗಕ್ಕಾಗಿ ಸುತ್ತ ನೋಡಿದರು. ಕಣ್ಣಿಗೆ ಗೋಡೆ ಬಿಟ್ಟರೆ ಇನ್ನೇನೂ ಸಿಗಲಿಲ್ಲ.

"ಸಾಮಾನು ಇನ್ನೂ ಬಂದಿಲ್ವಾ?" ಎಂದ ಕಾರ್ಯದರ್ಶಿ.

ದುಡ್ಡಿಲ್ಲ ಎಂದು ಒಂದು ಮಾತು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಪೂರ್ತಿ ಅರ್ಹನಾದ ಮನುಷ್ಯ ಹಾಗೆ ಹೇಳುವುದು ಹೇಗೆ?

"ನಾವು ಕುರ್ಚಿ ಬಿಟ್ಟಿದ್ದೀವಿ ಸಾರ್."

"ಬಿಟ್ಟಿದ್ದೀರಾ? ಸಿಗರೇಟು ಬಿಟ್ಟ ಹಾಗೆ?"

"ಹಾಗೇ. ಮೊದಮೊದಲು ಕೈಕಾಲು ನಡುಗ್ತಿತ್ತು. ಈಗ ಅಭ್ಯಾಸವಾಗಿದೆ."

ಅಡುಗೆಮನೆಯಲ್ಲಿ ಹೆಂಡತಿಯ ಕೈಯಿಂದ ಚಮಚ ಬಿದ್ದ ಸದ್ದಾಯಿತು. ಜಡ್ಜ್ ಸಾಹೇಬರು ಮುಂದಕ್ಕೆ ಬಾಗಿ, "ಕಾರಣ?" ಎಂದರು. ಜೀವನವಿಡೀ ಕಾರಣ ಕೇಳಿ ಬಂದವರು ಅವರು. ಆಗ ಕುಶನಪ್ಪನ ಬಾಯಿಂದ ಇಷ್ಟು ವರ್ಷ ಸೋಫಾ ಮಾರಿದ ಮಾತೇ ತಿರುಗುಮುರುಗಾಗಿ ಹೊರಟಿತು. "ಸಾರ್, ನಾನು ಜನರ ಬೆನ್ನು ನೋಡಿಕೊಂಡೇ ಬಂದವನು. ಎಲ್ಲಾ ನೋವೂ ಶುರುವಾಗೋದು ಕುರ್ಚಿಯಿಂದ. ಸ್ಪ್ರಿಂಗ್ ಹೋಗುತ್ತೆ, ಫೋಮ್ ಕೂರುತ್ತೆ. ನೆಲಕ್ಕೆ ಅದ್ಯಾವುದೂ ಇಲ್ಲ. ಗ್ಯಾರಂಟಿ ಜೀವನಪರ್ಯಂತ" ಎಂದವನೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಗೋಡೆಗೆ ಒರಗಿ, ಕಣ್ಣು ಮುಚ್ಚಿ ಅಂದ: "ಆಹಾ."

ಎಂಥೆಂಥ ಜಿಪುಣರ ಕೈಯಲ್ಲಿ ಚರ್ಮದ ಸೋಫಾ ಕೊಳ್ಳಿಸಿದ ಆಹಾ ಅದು. ಜಡ್ಜ್ ಸಾಹೇಬರು ಕುಸಿಯುವ ಕಟ್ಟಡದ ಹಾಗೆ ಹಂತಹಂತವಾಗಿ ಕೆಳಗಿಳಿದು ಕೂತೇಬಿಟ್ಟರು. ಮರುದಿನ ಬೆಳಗ್ಗೆ ಮೆಟ್ಟಿಲ ಮೇಲೆ ಸಿಕ್ಕ ಎಲ್ಲರಿಗೂ, "ನನ್ನ ಬೆನ್ನುನೋವು ಮಾಯ!" ಎಂದು ಸಾರಿದರು. ಅವರ ಬೆನ್ನುನೋವು ವರ್ಷದಲ್ಲಿ ನಾಲ್ಕಾರು ಸಲ ತನ್ನಷ್ಟಕ್ಕೆ ಬಂದು ಹೋಗುವಂಥದ್ದು ಎಂದು ಅವರ ಹೆಂಡತಿಗೆ ಗೊತ್ತಿತ್ತು. ಆದರೆ ಜಡ್ಜರ ತೀರ್ಪಿನ ಮೇಲೆ ಮನೆಯಲ್ಲಿ ಮೇಲ್ಮನವಿ ಇರಲಿಲ್ಲ.

ಅಲ್ಲಿಂದ ಮುಂದಿನದು ಸಾಂಕ್ರಾಮಿಕ. ಜಡ್ಜ್ ಸಾಹೇಬರು ತಮ್ಮ ಸೋಫಾ ಮಾರಿದರು. ಕಾರ್ಯದರ್ಶಿ ಡೈನಿಂಗ್ ಟೇಬಲ್ ಮಾರಿದ. ಎರಡನೇ ಮಹಡಿಯ ದಂತವೈದ್ಯೆ ಮನೆಯ ಕುರ್ಚಿಗಳನ್ನೆಲ್ಲ ಕೊಟ್ಟು, ಕ್ಲಿನಿಕ್ಕಿನದನ್ನೂ ಕೊಡಬೇಕೇ ಎಂದು ಕುಶನಪ್ಪನನ್ನು ಕೇಳಲು ಬಂದಳು. ರೋಗಿಗಳು ಇನ್ನೂ ಆ ಮಟ್ಟಕ್ಕೆ ಏರಿಲ್ಲ ಎಂದು ಅವನು ತಡೆದ. ಹಳೇ ಸಾಮಾನಿನ ವ್ಯಾಪಾರಿ ತನ್ನ ಗಾಡಿಯನ್ನು ಕಟ್ಟಡದ ಗೇಟಿನಲ್ಲೇ ಕಾಯಂ ನಿಲ್ಲಿಸಿದ. ಭಾನುವಾರಗಳಂದು ಕುಶನಪ್ಪನ ಹಾಲ್‌ನಲ್ಲಿ ನೆಲದ ಕೂಟ ಸೇರತೊಡಗಿತು. ಅಷ್ಟು ಜನ ನೆಲದ ಮೇಲೆ ಕೂರಬಹುದಾದಷ್ಟು ಖಾಲಿ ಜಾಗ ಬೇರೆ ಯಾರ ಮನೆಯಲ್ಲಿತ್ತು?

ಕುಶನಪ್ಪನಿಗೆ ಇದೆಲ್ಲ ಹಿತವಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಷ್ಟ ಬಂದದ್ದು ಅಮ್ಮನಿಗೆ. ಅವಳ ಮಂಡಿ ಮಡಚುತ್ತಿರಲಿಲ್ಲ. ನೆಲದ ಮೇಲೆ ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಸೊಸೆ ಒಂದು ಉಪಾಯ ಮಾಡಿದಳು. ಬಚ್ಚಲುಮನೆಯಲ್ಲಿ ಬಕೆಟ್ಟನ್ನು ಬೋರಲು ಹಾಕಿ, ಮೇಲೊಂದು ಟವೆಲ್ ಮಡಚಿಟ್ಟು ಅತ್ತೆಯನ್ನು ಕೂರಿಸಿದಳು. ಕೂಟ ನಡೆಯುವಷ್ಟು ಹೊತ್ತೂ ಅಮ್ಮ ಬಾಗಿಲು ಹಾಕಿಕೊಂಡು ಅದರ ಮೇಲೆ ಕೂತಿರುತ್ತಿದ್ದಳು.

"ಅಮ್ಮ ಕಾಣಿಸ್ತಿಲ್ಲ?" ಎಂದು ಯಾರಾದರೂ ಕೇಳಿದರೆ, "ಏಕಾಂತದಲ್ಲಿದ್ದಾರೆ" ಎನ್ನುತ್ತಿದ್ದ ಕುಶನಪ್ಪ.

"ಆಹಾ!" ಎನ್ನುತ್ತಿದ್ದರು ಜನ. ಈಗ ಅವರೂ ಅದನ್ನು ಕಲಿತಿದ್ದರು.

ಒಂದು ದಿನ ಕೂಟ ಮುಗಿದ ಮೇಲೆ ಹೆಂಡತಿ ಗಂಡನನ್ನು ಹಿಡಿದು ನಿಲ್ಲಿಸಿದಳು. "ರೀ, ನಾಚಿಕೆ ಆಗಲ್ವಾ? ಹೆತ್ತ ತಾಯಿ ದುಡ್ಡಲ್ಲಿ ಮನೆ ಕೊಂಡು ಅವರನ್ನ ಬಚ್ಚಲಲ್ಲಿ ಕೂರಿಸಿದ್ದೀರಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ತನ್ನಿ. ಒಂದೇ ಒಂದು."

ಕುಶನಪ್ಪ ಮಧ್ಯಾಹ್ನದ ಊಟ ಬಿಟ್ಟು ಬಿಟ್ಟು ದುಡ್ಡು ಕೂಡಿಸಿ, ಒಂದು ಪ್ಲಾಸ್ಟಿಕ್ ಕುರ್ಚಿ ಕೊಂಡು, ಬೆಡ್‌ಶೀಟಿನಲ್ಲಿ ಸುತ್ತಿ ಮೆಟ್ಟಿಲು ಹತ್ತಿದ. ಅರ್ಧ ದಾರಿಯಲ್ಲಿ ಕಾರ್ಯದರ್ಶಿ ಎದುರಾದ. ಬೆಡ್‌ಶೀಟಿನ ಕೆಳಗಿನಿಂದ ನಾಲ್ಕು ಕಾಲು ಇಣುಕುತ್ತಿದ್ದವು.

"ಇದೇನು?"

"ಇದು... ಯಾರೋ ಪಾಪ ಬಿಡೋಕಾಗದೆ ಒದ್ದಾಡ್ತಿದ್ರು. ನಾನೇ ಬಿಡಿಸಿ ತಂದೆ."

ಕಾರ್ಯದರ್ಶಿ ಎರಡೂ ಕೈ ಮುಗಿದ. "ಬೇರೆಯವರ ಭಾರ ನೀವ್ಯಾಕೆ ಹೊರ್ತೀರಿ? ಕೊಡಿ ಇಲ್ಲಿ" ಎಂದು ಕುರ್ಚಿ ಕಿತ್ತುಕೊಂಡು, ಬೆಡ್‌ಶೀಟನ್ನು ಗೌರವದಿಂದ ಮಡಚಿ ಕೈಗಿತ್ತು, ಕೆಳಗಿಳಿದು ವ್ಯಾಪಾರಿಯ ಗಾಡಿಗೆ ಎಸೆದ. ಬೆಡ್‌ಶೀಟ್ ಹಿಡಿದು ಬಂದ ಗಂಡನ ಕೈಯಿಂದ ಹೆಂಡತಿ ಅದನ್ನು ಕಸಿದುಕೊಂಡು ಒಳಗೆ ಹೋದಳು. ಅಮ್ಮ ಮಾತ್ರ, "ಇರಲಿ ಬಿಡೋ, ಬಕೆಟ್ಟೇ ನನಗೆ ರೂಢಿಯಾಗಿದೆ" ಎಂದಳು.

ಇಷ್ಟರಲ್ಲಿ ಬಡ್ಡಿ ಇನ್ನೂ ಒಂದು ಸಲ ತೇಲಿತು. ಅಂಗಡಿಯಲ್ಲಿ ಮಾಲೀಕರು ತಲೆ ಕೆರೆದುಕೊಳ್ಳುತ್ತಿದ್ದರು. ಕುಶನಪ್ಪನ ಬಡಾವಣೆಯಿಂದ ಗಿರಾಕಿಗಳೇ ಬರುತ್ತಿಲ್ಲ, ಕೊಟ್ಟ ಆರ್ಡರುಗಳೂ ರದ್ದಾಗುತ್ತಿವೆ. ಎದುರು ಅಂಗಡಿಯವನು ಏನೋ ಕಿತಾಪತಿ ಮಾಡುತ್ತಿದ್ದಾನೆ ಎಂದು ಅವರ ಗುಮಾನಿ. ಆಗ ಒಂದು ದಿನ ಜಡ್ಜ್ ಸಾಹೇಬರು, ಮಗಳ ಮನೆಗೆಂದು ಕೊಟ್ಟಿದ್ದ ಅಡ್ವಾನ್ಸ್ ವಾಪಸ್ ಕೇಳಲು, ಅಂಗಡಿಯೊಳಗೆ ಬಂದರು. ಕುಶನಪ್ಪ ಥಟ್ಟನೆ ಒಂದು ಬೀರುವಿನ ತೆರೆದ ಬಾಗಿಲ ಹಿಂದೆ ಸರಿದ.

"ಯಾಕೆ ಸಾಹೇಬರೇ, ಸೆಟ್ಟು ಹಿಡಿಸಲಿಲ್ವಾ?" ಎಂದರು ಮಾಲೀಕರು.

"ಸೆಟ್ಟಿನ ತಪ್ಪಲ್ಲ. ನಾವು ಕುರ್ಚಿಯನ್ನೇ ಬಿಟ್ಟಿದ್ದೀವಿ. ಇಡೀ ಕಟ್ಟಡ ಬಿಟ್ಟಿದೆ. ನಮ್ಮಲ್ಲಿ ಒಬ್ಬ ದೊಡ್ಡ ಮನುಷ್ಯರಿದ್ದಾರೆ. ಅವರ ಮಾತು ಕೇಳಿದರೆ ನೀವೂ ಈ ಅಂಗಡಿ ಮುಚ್ಚಿಬಿಡ್ತೀರಿ."

"ಯಾರು ಸಾಹೇಬರೇ ಆ ಮಹಾನುಭಾವ?" ಎಂದರು ಮಾಲೀಕರು.

ಆ ಬಾಗಿಲ ಒಳಮೈಗೆ ಕನ್ನಡಿ ಇತ್ತು. ಹಿಂದೆ ಅವಿತವನನ್ನು ಎದುರಿನ ಡ್ರೆಸಿಂಗ್ ಟೇಬಲ್ಲಿನ ಕನ್ನಡಿ ತೋರಿಸಿ, ಅದನ್ನು ಬೀರುವಿನ ಕನ್ನಡಿ ಹಿಡಿದುಕೊಂಡು, ಅಂಗಡಿಯ ತುಂಬಾ ಕುಶನಪ್ಪಂದಿರು ಕಾಣುತ್ತಿದ್ದರು. ಜಡ್ಜ್ ಸಾಹೇಬರು ಕೂಗಿದರು: "ಇವರೇ! ನೋಡಿ, ಇಷ್ಟು ಸೋಫಾಗಳ ಮಧ್ಯೆ ದಿನವಿಡೀ ನಿಂತಿದ್ದೂ ಮನಸ್ಸು ಚಂಚಲವಾಗಿಲ್ಲ! ನನ್ನಿಂದ ಅರ್ಧ ಗಂಟೆ ಆಗೋದಿಲ್ಲ, ಸ್ವಾಮಿ!"

ಮಾಲೀಕರು ಅಡ್ವಾನ್ಸ್ ಹಿಂದಿರುಗಿಸಿದರು. ಆಮೇಲೆ ಕುಶನಪ್ಪನ ಲೆಕ್ಕವನ್ನೂ ಚುಕ್ತಾ ಮಾಡಿದರು. ಬೈಯಲಿಲ್ಲ. "ನನ್ನ ಅನ್ನ ತಿಂದು ನನ್ನ ಹೊಟ್ಟೆಗೇ ಹೊಡೆದೆಯಲ್ಲೋ" ಎಂದಷ್ಟೇ ಹೇಳಿ ಒಳಗೆ ಹೋದರು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಬೇರೆ ಅಂಗಡಿಗಳಲ್ಲಿ ಕೆಲಸ ಕೇಳಿದ. ಸುದ್ದಿ ಅವನಿಗಿಂತ ಮುಂಚೆ ತಲುಪಿತ್ತು. ಕುರ್ಚಿ ಬಿಟ್ಟವನನ್ನು ಕುರ್ಚಿ ಮಾರಲು ಯಾರಿಟ್ಟುಕೊಳ್ಳುತ್ತಾರೆ? ಕಂತು ತಪ್ಪಿತು, ಮತ್ತೆ ತಪ್ಪಿತು. ಮನೆ ಮಾರಿಬಿಡೋಣವೆಂದರೆ, ಪಕ್ಕದಲ್ಲೇ ಎರಡು ಹೊಸ ಕಟ್ಟಡ ಎದ್ದು, ಕೊಂಡ ಬೆಲೆಗೂ ಕೇಳುವವರಿಲ್ಲ. ಬಂದ ಬೆಲೆಯಲ್ಲಿ ಸಾಲವೇ ತೀರುತ್ತಿರಲಿಲ್ಲ. ಬ್ಯಾಂಕಿಗೆ ಹೋದರೆ ಅದೇ ಆಫೀಸರು, ಈ ಸಲ ಏಳಲಿಲ್ಲ, ಸಾರ್ ಎನ್ನಲಿಲ್ಲ, ಕುರ್ಚಿಯತ್ತ ಕೈ ತೋರಲಿಲ್ಲ.

"ಮೂರು ಕಂತು ಬಾಕಿ ಇದೆ. ಅಷ್ಟು ಕಟ್ಟಿದ್ರೆ ಉಸಿರಾಡೋಕೆ ಸಮಯ ಕೊಡ್ತೀವಿ. ಇಲ್ಲಾಂದ್ರೆ ಮನೆ ನಮ್ಮದು."

"ನನ್ನ ತಾಯಿ ಕೊಟ್ಟ ಮುಂಗಡ?"

"ಅದು ಎಲ್ಲಕ್ಕಿಂತ ಮೊದಲು ಮುಳುಗೋದು" ಎಂದ ಆಫೀಸರು, ಪಾಪ, ಇದ್ದದ್ದನ್ನು ಇದ್ದ ಹಾಗೆ.

ಅವತ್ತು ಕುಶನಪ್ಪ ಮನೆಗೆ ಬಂದು ಹೆಂಡತಿಯ ಎದುರು ಎಲ್ಲವನ್ನೂ ಬಾಯಿಬಿಟ್ಟ. ಅವಳು ಅಳಲಿಲ್ಲ. "ಈ ಜನಕ್ಕೆ ನಿಜ ಹೇಳಿ. ನಿಮ್ಮನ್ನ ತಲೆ ಮೇಲೆ ಹೊತ್ಕೊಂಡಿದ್ದಾರೆ. ಕೈಸಾಲ ಅಂತ ಕೇಳಿದ್ರೆ ಇಲ್ಲ ಅಂತಾರಾ? ಅತ್ತೆ ಮುಖ ನೋಡಿಯಾದ್ರೂ ಕೇಳಿ" ಎಂದಳು. ಕೇಳುತ್ತೇನೆ ಎಂದು ಅವನು ಮಾತು ಕೊಟ್ಟ.

ಕೇಳುವ ಕಷ್ಟವೂ ಬರಲಿಲ್ಲ. ಆ ಭಾನುವಾರವೇ ಸಂಘದವರು ಅವನಿಗೆ ಸನ್ಮಾನ ಇಟ್ಟುಕೊಂಡಿದ್ದರು. ಸಂಘದ ಸಭಾಂಗಣದಲ್ಲಿ ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತಿದ್ದರು. ಕೂರಲಾಗದ ಅಮ್ಮ ಹಿಂದಿನ ಗೋಡೆಗೆ ಆನಿಕೊಂಡು ನಿಂತಿದ್ದಳು, ಪಕ್ಕದಲ್ಲಿ ಸೊಸೆ ತೋಳು ಹಿಡಿದುಕೊಂಡಿದ್ದಳು. ಜಡ್ಜ್ ಸಾಹೇಬರು ಎದ್ದು, ಮಾರಿದ ಕುರ್ಚಿ ಮೇಜುಗಳಿಂದ ಬಂದ ಹಣದಲ್ಲಿ ಒಂದಂಶವನ್ನು ಪ್ರತಿಯೊಂದು ಮನೆಯವರೂ ಸ್ವಂತ ಇಷ್ಟದಿಂದ ಕೊಟ್ಟಿದ್ದಾರೆಂದು ಹೇಳಿ, ಒಂದು ಮಖಮಲ್ಲಿನ ಚೀಲ ಮೇಲಕ್ಕೆತ್ತಿ ಮೊತ್ತವನ್ನು ಓದಿದರು. ಮೂರು ಕಂತು ಕಟ್ಟಿ ನಾಲ್ಕನೆಯದಕ್ಕೂ ಮಿಗುವಷ್ಟು ಹಣ ಅದರಲ್ಲಿತ್ತು. ಹಿಂದೆ ಗೋಡೆಯ ಬಳಿ ಹೆಂಡತಿ ಅತ್ತೆಯ ತೋಳನ್ನು ಗಟ್ಟಿಯಾಗಿ ಒತ್ತಿದಳು.

ಕುಶನಪ್ಪ ಕೈ ಚಾಚಿದ. ನಿಜವಾಗಿಯೂ ಚಾಚಿದ, ಬೆರಳು ಚೀಲಕ್ಕೆ ತಾಕಿತ್ತು ಕೂಡ.

"ಇದನ್ನು ಇವರು ಮುಟ್ಟೋದಿಲ್ಲ ಅಂತ ನಮಗೆ ಗೊತ್ತು!" ಎಂದರು ಜಡ್ಜ್ ಸಾಹೇಬರು ಸಭೆಗೆ. "ಕುರ್ಚಿಯನ್ನೇ ಬಿಟ್ಟವರು ಕಾಸು ಹಿಡೀತಾರಾ? ಆದರೂ ಕೇಳೋದು ನಮ್ಮ ಧರ್ಮ. ಹೇಳಿ, ತಗೋತೀರಾ?"

ಎಲ್ಲರೂ ನಕ್ಕು ಚಪ್ಪಾಳೆ ಹೊಡೆದರು. ದಂತವೈದ್ಯೆಯ ಕಣ್ಣಲ್ಲಿ ನೀರಿತ್ತು. ಕಾರ್ಯದರ್ಶಿ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದ. ಕುಶನಪ್ಪ ಬಾಯಿ ತೆರೆದ. ಹೂಂ ಎಂಬ ಒಂದಕ್ಷರ ಗಂಟಲಿನವರೆಗೆ ಬಂದಿತ್ತು.

"ನನಗ್ಯಾಕೆ ಸಾರ್ ದುಡ್ಡು?" ಎಂದಿತು ಅವನ ಬಾಯಿ.

ಚಪ್ಪಾಳೆ ಸೂರು ಹಾರಿಸುವಂತಾಯಿತು. ಆ ಹಣವನ್ನು ಸಭಾಂಗಣದ ನೆಲಕ್ಕೆ ಒಳ್ಳೆಯ ಅಮೃತಶಿಲೆ ಹಾಕಿಸಲು ಬಳಸುವುದೆಂದು ಅಲ್ಲೇ ತೀರ್ಮಾನವಾಯಿತು. ಕುಶನಪ್ಪ ತಲೆಯೆತ್ತಿ ಹಿಂದಿನ ಗೋಡೆಯತ್ತ ನೋಡಿದಾಗ, ಹೆಂಡತಿ ಅತ್ತೆಯನ್ನು ನಡೆಸಿಕೊಂಡು ಹೊರಗೆ ಹೋಗುತ್ತಿದ್ದಳು. ಅವಳು ಅವನ ಜೊತೆ ಮತ್ತೆ ಮಾತಾಡಿದ್ದು ಎಷ್ಟೋ ದಿನಗಳ ಮೇಲೆ, ಅದೂ ಬಾಡಿಗೆಗೆ ಒಂದು ಕೋಣೆ ಸಿಕ್ಕಿದೆ ಎಂದು ತಿಳಿಸಲು.

ಬ್ಯಾಂಕಿನವರು ಒಂದು ಬೆಳಗ್ಗೆ ಬಂದರು. ಸಾಮಾನು ಹೊರಗೆ ಹಾಕಲು ಆಳುಗಳನ್ನೂ ಕರೆತಂದಿದ್ದರು. ಆಳುಗಳು ಹಾಲ್ ನೋಡಿ, "ಇದೇನ್ ಸ್ವಾಮಿ, ಆಗಲೇ ಖಾಲಿ ಮಾಡಿಬಿಟ್ಟಿದ್ದೀರಾ?" ಎಂದರು.

"ಇಲ್ಲಪ್ಪ, ನಾವು ಇದ್ದದ್ದೇ ಹೀಗೆ" ಎಂದಳು ಅಮ್ಮ.

ಎರಡು ಟ್ರಂಕು, ಮೂರು ಹಾಸಿಗೆ, ಪಾತ್ರೆಯ ಚೀಲ. ಬಂದ ಆಳುಗಳಿಗೆ ತಲೆಗೊಂದರಂತೆ ಕೂಡ ಕೆಲಸ ಇರಲಿಲ್ಲ. ಬೀಗ ಬಿತ್ತು. ಗಾಡಿ ಕರೆತರಲು ಹೆಂಡತಿ ಮುಖ್ಯರಸ್ತೆಗೆ ಹೋದಳು. ಕುಶನಪ್ಪ ಅಮ್ಮನ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಬರುವಷ್ಟರಲ್ಲಿ ಇಡೀ ಕಟ್ಟಡ ಕೆಳಗೆ ನೆರೆದಿತ್ತು.

"ಮನೆಯನ್ನೂ ಬಿಟ್ಟಿರಿ!" ಎಂದರು ಜಡ್ಜ್ ಸಾಹೇಬರು ಗದ್ಗದಿತರಾಗಿ.

ಕುಶನಪ್ಪನಿಗೆ ಇನ್ನು ತಡೆಯಲಾಗಲಿಲ್ಲ. "ಬಿಟ್ಟಿಲ್ಲ ಸಾರ್, ಕಿತ್ಕೊಂಡ್ರು! ಮೈತುಂಬಾ ಸಾಲ ಮಾಡಿದ್ದೆ. ಕಂತು ಕಟ್ಟಿ ಕಟ್ಟಿ ಒಂದು ಕುರ್ಚಿ ತರೋಕೂ ಗತಿ ಇರಲಿಲ್ಲ. ಅದನ್ನ ಹೇಳೋಕೆ ನಾಚಿಕೆಯಾಗಿ ಸುಳ್ಳು ಹೇಳಿದೆ. ನಾನು ಶುದ್ಧ ಸುಳ್ಳುಗಾರ. ಬೈಯಿರಿ ನನ್ನ!" ಎಂದು ಎಲ್ಲರೆದುರು ಗೊಳೋ ಎಂದು ಅತ್ತ.

ಕಾರ್ಯದರ್ಶಿ ಪಕ್ಕದವನ ಕಿವಿಯಲ್ಲಿ, "ಎಷ್ಟು ವಿನಯ ನೋಡಿ. ಹೋಗುವಾಗ ತಮ್ಮ ಒಳ್ಳೇ ಹೆಸರನ್ನೂ ಬಿಟ್ಟುಬಿಟ್ಟರು" ಎಂದ. ಹಿಂದಿನವರಿಗೂ ಅದು ಕೇಳಿಸಿ, ಎಲ್ಲರೂ ತಲೆ ತಗ್ಗಿಸಿದರು.

ಅಮ್ಮನ ಕಾಲು ನಡುಗುತ್ತಿತ್ತು. "ಯಾರ ಮನೇಲಾದ್ರೂ ಒಂದು ಕುರ್ಚಿ ಇದ್ರೆ ತಂದುಕೊಡ್ರಪ್ಪ. ಗಾಡಿ ಬರೋ ತನಕ ಕೂತ್ಕೋತೀನಿ" ಎಂದಳು.

ಜನ ಒಬ್ಬರ ಮುಖ ಒಬ್ಬರು ನೋಡಿದರು. ಆ ಕಟ್ಟಡದಲ್ಲಿ ಕುರ್ಚಿ ಇರಲಿಲ್ಲ. ದಂತವೈದ್ಯೆ ಓಡಿಹೋಗಿ ಒಂದು ಚಾಪೆ ತಂದು ಹಾಸಿದಳು. ಅಮ್ಮ ಅದನ್ನು ನೋಡಿ ತಲೆಯಾಡಿಸಿದಳು.

ಕುಶನಪ್ಪ ಕಣ್ಣೊರೆಸಿಕೊಂಡು ಕೊನೆಯ ಮೆಟ್ಟಿಲ ಮೇಲೆ ಕೂತ. ಅಮ್ಮನ ಸೊಂಟ ಹಿಡಿದು ಮೆಲ್ಲಗೆ ತನ್ನ ತೊಡೆಯ ಮೇಲೆ ಕೂರಿಸಿಕೊಂಡ. ಅವಳ ಮಂಡಿಗೆ ಆ ಎತ್ತರ ಸರಿಹೋಯಿತು. ಅಮ್ಮ ಇಷ್ಟು ಹಗುರಾಗಿದ್ದಾಳೆ ಎಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಜನ ಗೌರವದಿಂದ ದೂರ ಸರಿದು ನಿಂತರು.

"ನಿಮ್ಮಪ್ಪನ ದುಡ್ಡೂ ಹೋಯ್ತೇನೋ?" ಎಂದಳು ಅಮ್ಮ, ಅವನಿಗೆ ಮಾತ್ರ ಕೇಳುವ ಹಾಗೆ.

"ಹೋಯ್ತಮ್ಮ. ಅದು ಹೋಗಿ, ಇನ್ನೂ ಕೊಡೋದಿದೆ."

ಅಮ್ಮ ಸೆರಗು ಸರಿಮಾಡಿಕೊಂಡಳು.

"ಅವತ್ತು ಅವರು ಅಷ್ಟು ದುಡ್ಡು ಕೊಡೋಕೆ ಬಂದ್ರಲ್ಲ. ಯಾಕೋ ತಗೊಳ್ಳಲಿಲ್ಲ?"

"ಎಲ್ಲರೂ ಚಪ್ಪಾಳೆ ತಟ್ತಿದ್ರಮ್ಮ" ಎಂದ ಕುಶನಪ್ಪ.

ಅಮ್ಮ ಬೀಳದ ಹಾಗೆ ಮಗನ ಭುಜ ಹಿಡಿದುಕೊಂಡು, ಗಾಡಿ ಬರುವ ದಾರಿ ನೋಡುತ್ತಾ ಕೂತಳು.